ಸೀಟಿಯಿಲ್ಲದ ಆಟ

ಆ ಆಟ ನಮ್ಮ ಮನೆಗೆ ಬಂದದ್ದು ಮಾಳಿಗೆಯ ಮೇಲಿಂದ. ಬೇಸಿಗೆಯ ಒಂದು ಬೆಳಗ್ಗೆ ನಾನೂ ನನ್ನ ನೆಗೆಣ್ಣಿಯೂ ಹಳೆಯ ಸೀರೆ ಹಾಸಿ ಸಂಡಿಗೆ ಇಡುತ್ತಿದ್ದೆವು. ನೆಗೆಣ್ಣಿ ಎಂದರೆ ನನ್ನ ಮೈದುನನ ಹೆಂಡತಿ; ಚಿಮ್ಮನಚೋಡದಿಂದ ನಮ್ಮ ಶಹಾಬಾದಿಗೆ ಬಂದು ಆಗಷ್ಟೇ ವರ್ಷ ತುಂಬಿತ್ತು. ಕೆಳಗಿನ ಬಯಲಿನಲ್ಲಿ ಮೈದುನ ತನ್ನ ಗೆಳೆಯರ ಜೊತೆ ಬಿಳಿಯ ಡಿಸ್ಕ್ ಒಂದನ್ನು ಎಸೆದು ಹಿಡಿಯುತ್ತಿದ್ದ. ಗಾಳಿಗೆ ಸಿಕ್ಕ ಡಿಸ್ಕ್ ಮೇಲೆದ್ದು, ತಿರುಗಿ, ನೇರ ನಮ್ಮ ಸಂಡಿಗೆಯ ಕಡೆಗೇ ಇಳಿಯತೊಡಗಿತು. ನಾನು "ಅಯ್ಯೋ" ಅನ್ನುವಷ್ಟರಲ್ಲಿ ಅವಳು ಎದ್ದು, ಎರಡು ಹೆಜ್ಜೆ ಜಿಗಿದು, ಹಿಟ್ಟು ಮೆತ್ತಿದ ಬಲಗೈ ಚಾಚಿ ಅದನ್ನು ಹಿಡಿದೇಬಿಟ್ಟಳು. ತಲೆಯ ಮೇಲಿನ ಸೆರಗು ಜಾರಿರಲಿಲ್ಲ.

"ಯವ್ವಾ, ನನ್ನ ಸಂಡಿಗಿ ಉಳಿಸಿದಿ ನೋಡು," ಎಂದರು ಮೆಟ್ಟಿಲಲ್ಲಿ ನಿಂತಿದ್ದ ಅತ್ತೆ.

ಕೆಳಗೆ ಮೈದುನ ಬಾಯಿ ತೆರೆದು ನಿಂತಿದ್ದ. ತನ್ನ ಹೆಂಡತಿಗೆ ಹೀಗೆ ಹಿಡಿಯಲು ಬರುತ್ತದೆಂದು ಅವನಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದೂ ಸ್ವಲ್ಪವೇ. ತವರಿನಲ್ಲಿ ಖೋ ಖೋ ಆಡುತ್ತಿದ್ದಳು, ಮದುವೆ ಗೊತ್ತಾದ ಮೇಲೆ ಬಿಟ್ಟಳು. ಅದನ್ನು ಅವಳು ಹೇಳಿದ್ದು ಜೋಳದ ಹಿಟ್ಟು ಸೋಸುವಾಗ, ಬೇರೆ ಯಾರದೋ ಸುದ್ದಿ ಹೇಳುವ ದನಿಯಲ್ಲಿ.

ಆ ವರ್ಷ ಚಿತ್ತಾಪುರದ ಕ್ರೀಡಾ ಶಿಕ್ಷಕಿಯೊಬ್ಬರು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಐದೂ ಊರುಗಳಿಂದ ಆಟಗಾರರನ್ನು ಕೂಡಿಸಿ ಒಂದು ತಂಡ ಕಟ್ಟುತ್ತಿದ್ದರು. ಡಿಸ್ಕ್ ಆಟಕ್ಕೆ ಒಂದು ವೃತ್ತಿಪರ ಲೀಗ್ ಶುರುವಾಗಲಿತ್ತು. ಅದರಲ್ಲಿ ಹೆಣ್ಣುಮಕ್ಕಳ ತಂಡ, ಗಂಡುಮಕ್ಕಳ ತಂಡ ಎಂದು ಬೇರೆ ಬೇರೆ ಇಲ್ಲ. ಒಂದೇ ತಂಡ, ಅಂಗಳದಲ್ಲಿ ಹೆಣ್ಣೆಷ್ಟೋ ಗಂಡೂ ಅಷ್ಟೇ, ಆಡಿದವರಿಗೆ ಕೊಡುವ ಸಂಭಾವನೆಯಲ್ಲೂ ಭೇದವಿಲ್ಲ. ಮೈದುನ ಕಾಲೇಜಿನಲ್ಲಿ ಈ ಆಟ ಕಲಿತವನು. ಮಾವನವರ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರ ನೋಡಿಕೊಳ್ಳುತ್ತಿದ್ದರೂ ಆ ಲೀಗಿನ ಆಸೆ ಅವನ ತಲೆ ಹೊಕ್ಕಿತ್ತು.

ಮಧ್ಯಾಹ್ನದ ಊಟಕ್ಕೆ ಕುಳಿತಾಗ ಅವನು ಮಾತು ತೆಗೆದ.

"ಅಪ್ಪಾ, ಈ ಆಟದಾಗ ಹೆಣ್ಮಕ್ಕಳು ಬರೋಬ್ಬರಿ ಇರಬೇಕು. ಒಬ್ಬಾಕಿ ಕಮ್ಮಿ ಬಿದ್ರೂ ನಮ್ಮ ಟೀಮು ನಿಲ್ಲಂಗಿಲ್ಲ."

"ಅದಕ್ಕ?"

"ಅದಕ್ಕ... ಇಕಿ ಬಂದ್ರ ಲೆಕ್ಕ ತುಂಬತದ."

"ಲೆಕ್ಕ ತುಂಬಸಲಿಕ್ಕ ಮನಿ ಸೊಸಿನೇ ಬೇಕೇನೋ ನಿನಗ?" ಎಂದರು ಮಾವ. ಸಿಟ್ಟಿಲ್ಲ, ಒಪ್ಪಿಗೆಯೂ ಇಲ್ಲ.

ಅತ್ತೆಯವರೇ ತೀರ್ಮಾನ ಮಾಡಿದರು. "ಹೋಗ್ಲಿ ಬಿಡ್ರಿ. ಮಗನ ಆಟ ಆದ್ರೂ ನಡೀಲಿ. ಆದ್ರ ದೊಡ್ಡಾಕಿ ಜೋಡಿ ಹೋಗ್ಬೇಕು."

ದೊಡ್ಡಾಕಿ ಎಂದರೆ ನಾನು. "ಇಕಿ ಗಂಡ ಇರ್ತಾರಲ್ರಿ ಅತ್ತಿ, ನಾ ಯಾಕ?" ಎಂದೆ.

"ಗಂಡ ಹುಡುಗರ ಜೋಡಿ ಕುಂದರ್ತಾನವಾ. ಇಕಿ ನೀರು ಕುಡದ್ಳೋ ಇಲ್ಲೋ ನೋಡೋರು ಯಾರು?"

ಹೀಗೆ ಭಾನುವಾರಗಳಂದು ನಾವು ಮೂವರೂ ಶಹಾಬಾದಿನಿಂದ ರೈಲು ಹಿಡಿದು ವಾಡಿಗೆ ಅಭ್ಯಾಸಕ್ಕೆ ಹೋಗತೊಡಗಿದೆವು. ಎಲ್ಲ ಊರುಗಳವರಿಗೂ ಕೂಡಲು ಜಂಕ್ಷನ್ನೇ ಅನುಕೂಲ. ಚಿಂಚೋಳಿಯ ಹುಡುಗಿಯರು ಮಾತ್ರ ನಸುಕಿನಲ್ಲೇ ಬಸ್ಸು ಹತ್ತಿ ಬರುತ್ತಿದ್ದರು. ನಾನು ಬೇವಿನ ಕೆಳಗೆ ಚಾಪೆ ಹಾಸಿ, ರೊಟ್ಟಿ ಬುತ್ತಿಯನ್ನೂ ಒಂದು ಕಸೂತಿ ಬಟ್ಟೆಯನ್ನೂ ಇಟ್ಟುಕೊಂಡು ಕೂರುತ್ತಿದ್ದೆ. ನೆಗೆಣ್ಣಿ ಉದ್ದ ತೋಳಿನ ಅಂಗಿ, ಟ್ರ್ಯಾಕ್ ಪ್ಯಾಂಟು ಹಾಕಿ, ಓಢಣಿಯನ್ನು ಸೊಂಟಕ್ಕೆ ಬಿಗಿದು ಇಳಿಯುತ್ತಿದ್ದಳು. ಬಳೆಗಳನ್ನು ತೆಗೆದು ನನ್ನ ಕೈಗೆ ಕೊಡುತ್ತಿದ್ದಳು. ನನ್ನ ಮಣಿಕಟ್ಟಿಗೆ ಅವು ಬಿಗಿ, ಹಾಗೇ ಮಡಿಲಲ್ಲಿಟ್ಟುಕೊಳ್ಳುತ್ತಿದ್ದೆ.

ಆಟ ನನಗೆ ನಿಧಾನವಾಗಿ ತಿಳಿಯಿತು. ಡಿಸ್ಕ್ ಕೈಯಲ್ಲಿದ್ದವರು ಓಡುವಂತಿಲ್ಲ, ನಿಂತಲ್ಲಿಂದಲೇ ತಮ್ಮವರಿಗೆ ಎಸೆಯಬೇಕು. ನೆಲಕ್ಕೆ ಬಿದ್ದರೆ ಎದುರಾಳಿಯ ಪಾಲು. ಅಂಗಳದ ಕೊನೆಯ ಪಟ್ಟಿಯೊಳಗೆ ಹಿಡಿದರೆ ಒಂದು ಅಂಕ. ಇಷ್ಟೇ. ಆದರೆ ಮೊದಲ ದಿನದಿಂದಲೂ ನನ್ನ ಕಣ್ಣು ಹುಡುಕಿದ್ದು ಸೀಟಿ ಊದುವವರನ್ನು. ನಾನು ಕಲಿತದ್ದು ಕಾನ್ವೆಂಟಿನಲ್ಲಿ. ಅಲ್ಲಿ ಥ್ರೋಬಾಲ್ ಆಡುವಾಗ ಬಿಳಿ ನಿಲುವಂಗಿಯ ಸಿಸ್ಟರ್ ಕೊರಳಲ್ಲಿ ಕಪ್ಪು ದಾರದ ಸೀಟಿ ಇರುತ್ತಿತ್ತು. ಯಾರು ತಪ್ಪಿದರು, ಯಾರು ಗೆದ್ದರು, ಯಾವಾಗ ನೀರು ಕುಡಿಯಬೇಕು, ಎಲ್ಲ ಆ ಸೀಟಿ ಹೇಳುತ್ತಿತ್ತು. ನಮ್ಮ ಕೆಲಸ ಕೇಳುವುದು. ಅದರಲ್ಲಿ ಒಂದು ನೆಮ್ಮದಿಯೂ ಇತ್ತು ಅನ್ನಿ.

ಇಲ್ಲಿ ಸೀಟಿಯೇ ಇಲ್ಲ. ಯಾರಿಗೆ ಪೆಟ್ಟು ಬಿತ್ತೋ, ಯಾರ ಕೈ ತಡೆದರೋ, ಅವರೇ ಆ ಕ್ಷಣದಲ್ಲಿ "ಫೌಲ್" ಎಂದು ಕೂಗಬೇಕು. ಪಕ್ಕದವರು ಕೂಗಿದರೆ ನಡೆಯುವುದಿಲ್ಲ, ಶಿಕ್ಷಕಿ ಕೂಗಿದರೂ ನಡೆಯುವುದಿಲ್ಲ. ಆಮೇಲೆ ಇಬ್ಬರೂ ನಿಂತು ಮಾತಾಡಿಕೊಳ್ಳಬೇಕು. ಎದುರಿನವರು ಒಪ್ಪಿದರೆ ಡಿಸ್ಕ್ ಪೆಟ್ಟು ಬಿದ್ದವರ ಕೈಗೆ, ಒಪ್ಪದಿದ್ದರೆ ಡಿಸ್ಕ್ ಮೊದಲು ಎಸೆದವರಿಗೇ ಮರಳಿ, ಮತ್ತೊಮ್ಮೆ ಆಟ.

"ಇದೇನಾಟ ಟೀಚರ್, ಕಳ್ಳನ್ನೇ ಕೇಳಿ ಕಳುವು ಬರಸಿಕೊಂಡಂಗ," ಎಂದೆ ನಾನು.

ಶಿಕ್ಷಕಿ ನಕ್ಕರು. "ನೋಡ್ತಿರ್ರಿ ಅಕ್ಕಾರ, ಸುಳ್ಳು ಹೇಳೋರು ಕಮ್ಮಿ. ಹೇಳದೆ ಇರೋರೇ ಜಾಸ್ತಿ."

ಎಸೆಯುವಾಗ ಹೆಸರು ಹಿಡಿದು ಕೂಗಿ ಎಂದೂ ಅವರು ಕಲಿಸಿದ್ದರು. ನೆಗೆಣ್ಣಿ ಎಲ್ಲರ ಹೆಸರನ್ನೂ ಕೂಗುವಳು, ಗಂಡನ ಪಾಳಿ ಬಂದಾಗ ಬಾಯಿ ಬೀಗ. ಸೇಡಂ ಹುಡುಗಿಯೊಬ್ಬಳು, "ಮದುವ್ಯಾಗ ಹೇಳಿದಂಗ ಗಂಡನ ಹೆಸರಿಗಿ ಒಡಪಿನ ಪದ ಕಟ್ಟಿ ಹೇಳ್ರೀ ಅಕ್ಕ," ಎಂದು ಕಾಡಿದಳು. "ಒಡಪು ಮುಗಿಯೂದ್ರಾಗ ಡಿಸ್ಕ್ ನಿಮ್ಮ ಸೇಡಂ ಮುಟ್ಟಿರ್ತದ," ಎಂದಳು ಇವಳು. ಎಲ್ಲರೂ ನಕ್ಕರು. ಮೈದುನನೂ ನಕ್ಕ.

ಅವನು ನಗುತ್ತಿದ್ದ, ಆದರೆ ಅವಳಿಗೆ ಎಸೆಯುತ್ತಿರಲಿಲ್ಲ. ಇದನ್ನು ಹೇಗೆ ಗಮನಿಸಿದೆ ಎಂದರೆ ಅವಳ ಕೈಯಿಂದ. ಅವಳು ಓಡಿ, ಯಾರೂ ಇಲ್ಲದ ಕಡೆ ನಿಂತು ಕೈ ಎತ್ತುವಳು. ಡಿಸ್ಕ್ ಅವಳನ್ನು ದಾಟಿ ಬೇರೊಬ್ಬ ಹುಡುಗನಿಗೆ ಹೋಗುವುದು. ಎತ್ತಿದ ಕೈಯನ್ನು ಅವಳು ಹಾಗೇ ಇಳಿಸುತ್ತಿರಲಿಲ್ಲ, ತಲೆಯ ಕ್ಲಿಪ್ಪಿನತ್ತ ಒಯ್ದು, ಕೂದಲು ಸರಿಮಾಡಿಕೊಳ್ಳಲೆಂದೇ ಎತ್ತಿದ್ದೆ ಎಂಬಂತೆ ಒತ್ತಿಕೊಳ್ಳುವಳು. ಒಂದು ಬೆಳಗ್ಗೆಯಲ್ಲಿ ಆ ಕ್ಲಿಪ್ಪನ್ನು ಅದೆಷ್ಟು ಸಲ ಸರಿಮಾಡಿಕೊಂಡಳೋ. ಬೇರೆ ಹುಡುಗಿಯರದೂ ಅದೇ ಪಾಡು. ಒಬ್ಬಳು ಬೆವರು ಒರೆಸಿಕೊಳ್ಳುವಳು, ಇನ್ನೊಬ್ಬಳು ಬಾಗಿ ಲೇಸು ಬಿಗಿಯುವಳು. ಹುಡುಗರು ಕೆಟ್ಟವರಲ್ಲ. ನೀರಿನ ಬಾಟಲಿ ಮೊದಲು ಹುಡುಗಿಯರಿಗೇ ಕೊಡುತ್ತಿದ್ದರು. ಡಿಸ್ಕ್ ಕೈಗೆ ಬಂದಾಗ ಮಾತ್ರ ಅವರ ಕಣ್ಣಿಗೆ ಅಂಗಳದಲ್ಲಿ ಅರ್ಧ ಮಂದಿ ಕಾಣುತ್ತಿರಲಿಲ್ಲ.

ಒಂದು ಭಾನುವಾರ ಅಭ್ಯಾಸಕ್ಕೆಂದು ಗಂಡ ಹೆಂಡತಿ ಎದುರುಬದುರು ಗುಂಪಿನಲ್ಲಿ ಬಿದ್ದರು. ಅವಳು ಹಿಡಿಯಲು ಜಿಗಿದಾಗ ಅವನು ಹಿಂದಿನಿಂದ ಬಂದು ಕೈ ಬಡಿದ. ಡಿಸ್ಕ್ ಬಿತ್ತು. ಎಲ್ಲರೂ ಅವಳ ಬಾಯಿ ನೋಡಿದರು.

"ಏನಾರ ಆತೇನಮ್ಮ?" ಎಂದರು ಶಿಕ್ಷಕಿ.

"ಇಲ್ರಿ ಟೀಚರ್. ಏನಾಗಿಲ್ಲ."

ಮರಳುವ ರೈಲಿನಲ್ಲಿ ಬಳೆ ಹಾಕಿಕೊಳ್ಳುವಾಗ ಅವಳ ಕೈಯ ಮೇಲೆ ಅವನ ಗಡಿಯಾರದ ಗೀರು ಕಂಡೆ. ಕೆಂಪಗೆ, ಉದ್ದಕ್ಕೆ. ಮೈದುನ ಬಾಗಿಲ ಬಳಿ ಹುಡುಗರ ಜೊತೆ ನಿಂತಿದ್ದ.

"ಹೇಳಬೇಕಿತ್ತಲ್ಲ ತಂಗಿ?"

"ಎಲ್ಲಾರ ಮುಂದ ಅವರಿಗೆ ಹೆಂಗ ಅನ್ಲಿ ಅಕ್ಕ? ಮನ್ಯಾಗ ಅವರ ಎದುರು ನಿಂತು ನಾಕು ಮಾತು ಆಡಿಲ್ಲ ನಾ. ಮಾಮಾ ಇದ್ರ ಕೈಸನ್ನಿ ಮಾಡ್ತೀನಿ, ಅತ್ತಿ ಇದ್ರ ನಿಮ್ಮ ಕೂಡ ಹೇಳಸ್ತೀನಿ."

ಆಮೇಲೆ, ನಾನು ಕೇಳದೆಯೇ ಹೇಳಿದಳು. "ಲೆಕ್ಕ ತುಂಬಸಲಿಕ್ಕ ಬಂದಾಕಿ ಅಂತ ಎಲ್ಲಾರಿಗೂ ಗೊತ್ತದ. ಖರೇ ಹೇಳ್ಲಾ? ನನಗ ಆ ಲೀಗಿಗಿ ಹೋಗಬೇಕಂತ ಭಾಳ ಅದ ಅಕ್ಕ. ಅವರಕಿಂತ ಜಾಸ್ತಿ ಅದ."

ನಾನು ಉಳಿದ ಬಳೆಗಳನ್ನು ಆ ಗೀರಿಗೆ ತಾಗದಂತೆ ಒಂದೊಂದಾಗಿ ಅವಳ ಕೈಗೇರಿಸಿದೆ.

ಲೀಗಿನ ಹೈದರಾಬಾದ್ ತಂಡಕ್ಕೆ ನಮ್ಮವರಲ್ಲಿ ಕೆಲವರನ್ನು ಆರಿಸುವ ಆಟ ನಡೆದದ್ದು ಒಂದು ಭಾನುವಾರ, ಚಿತ್ತಾಪುರದ ಮೈದಾನದಲ್ಲಿ. ಆರಿಸಲು ಹೈದರಾಬಾದಿನಿಂದ ಒಬ್ಬ ಹೆಣ್ಣುಮಗಳು, ಒಬ್ಬ ಗಂಡಸು ಬಂದಿದ್ದರು. ಈ ಸಲ ಮಾವ, ಅತ್ತೆ ಇಬ್ಬರೂ ಹೊರಟರು. ಮಾವನವರು ತಮಗೆ ಅಲ್ಲಿ ತಾಲ್ಲೂಕು ಕಚೇರಿಯ ಕೆಲಸವೊಂದಿದೆ ಎಂದು ಹೇಳಿಕೊಂಡರು. ಭಾನುವಾರ ಕಚೇರಿ ಇರುವುದಿಲ್ಲ ಎಂದು ಯಾರೂ ನೆನಪಿಸಲಿಲ್ಲ. ಅತ್ತೆಯವರಿಗೆ ಮಾತ್ರ ಸಂಕೋಚವಿಲ್ಲ. "ಆ ತಾಟು ಹಿಡಿಯೂ ಆಟ ಏನಂತ ನಾನೂ ನೋಡ್ತೀನಿ," ಎಂದು ಎಲೆಯಡಿಕೆಯ ಚೀಲ ಹಿಡಿದು ಮುಂದೆ ನಡೆದರು.

ನೆಗೆಣ್ಣಿಯ ಮುಖ ಬಾಡಿತು. ಮಾವನವರ ಎದುರು ಅವಳು ತಲೆ ತುಂಬ ಸೆರಗಿಲ್ಲದೆ ನಿಂತವಳಲ್ಲ. ಮೈದಾನದ ಮೂಲೆಯ ಕೋಣೆಯಿಂದ ಟ್ರ್ಯಾಕ್ ಪ್ಯಾಂಟಿನಲ್ಲಿ ಹೊರಬಂದಾಗ ನನ್ನ ಬೆನ್ನ ಹಿಂದೆ ಅಡಗಿ ನಡೆದಳು. ಮಾವನವರು ಆ ಹೊತ್ತಿಗೆ ಸರಿಯಾಗಿ ಕುರ್ಚಿಯನ್ನು ತಿರುಗಿಸಿ, ದೂರದ ನೀರಿನ ಟಾಕಿಯನ್ನು ಬಹಳ ಆಸಕ್ತಿಯಿಂದ ನೋಡುತ್ತ ಕುಳಿತರು. ಅವಳು ಅಂಗಳಕ್ಕೆ ಇಳಿದ ಮೇಲೆ ಕುರ್ಚಿ ಮತ್ತೆ ಇತ್ತ ತಿರುಗಿತು.

ಬಂದವರು ಎಲ್ಲರನ್ನೂ ಕಲೆಸಿ ಹೊಸದಾಗಿ ಎರಡು ಗುಂಪು ಮಾಡಿದರು. ಗಂಡ ಅತ್ತ, ಹೆಂಡತಿ ಇತ್ತ. ಇವಳ ಪಾಲಿಗೆ ಅದೇ ಒಳ್ಳೆಯದಾಯಿತು. ಅವಳ ಜೊತೆ ಬಂದವರು ಹೆಚ್ಚಾಗಿ ಚಿಂಚೋಳಿ ಕಡೆಯವರು, ಕುಂಚಾವರಂ ಹತ್ತಿರದ ಒಬ್ಬ ಹುಡುಗ ತೆಲುಗಿನಲ್ಲಿ "ಅಕ್ಕಾ, ರಾ ರಾ!" ಎಂದು ಕೂಗುತ್ತ ಅವಳಿಗೇ ಎಸೆಯುತ್ತಿದ್ದ. ಎತ್ತಿದ ಕೈಗೆ ಡಿಸ್ಕ್ ಬಂದು ಕೂರುತ್ತಿತ್ತು. ಅತ್ತೆ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು.

ಆಟ ಮುಗಿಯುತ್ತ ಬಂದಿತ್ತು, ಎರಡೂ ಕಡೆ ಸಮ. ಉದ್ದದ ಒಂದು ಎಸೆತ ಕೊನೆಯ ಪಟ್ಟಿಯತ್ತ ತೇಲಿ ಬಂತು. ಅವಳು ಅದರ ಕೆಳಗೆ ಓಡಿದಳು, ಜಿಗಿದಳು. ಹಿಂದಿನಿಂದ ಮೈದುನ ಬಂದ. ಅವನ ಕೈ ಅವಳ ಮಣಿಕಟ್ಟಿಗೆ ಬಡಿದ ಸದ್ದು ನಮಗೂ ಕೇಳಿಸಿತು. ಡಿಸ್ಕ್ ನೆಲಕ್ಕೆ ಬಿದ್ದು ಉರುಳಿತು. ಅವನ ಗುಂಪಿನ ಹುಡುಗರು ಕೇಕೆ ಹಾಕಿದರು.

ಅವಳು ನಿಂತಿದ್ದಳು. ಅವನೂ ನಿಂತಿದ್ದ. ಶಿಕ್ಷಕಿ ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡರು. ಹೈದರಾಬಾದಿನ ಇಬ್ಬರೂ ಸುಮ್ಮನೆ ನೋಡುತ್ತಿದ್ದರು. ನಾನು ಅವಳ ಬಳೆಗಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅಂಗೈಯಲ್ಲಿ ಗುರುತು ಮೂಡಿತ್ತು. ಆ ಒಂದು ಕ್ಷಣ ದಾಟಿದರೆ ಮುಗಿಯಿತು, ಹುಡುಗನೊಬ್ಬ ಡಿಸ್ಕ್ ಎತ್ತಿಕೊಳ್ಳಲು ಆಗಲೇ ಬಾಗುತ್ತಿದ್ದ.

"ಫೌಲ್!"

ದನಿ ಒಡೆದಿತ್ತು, ಆದರೆ ಮೈದಾನದ ತುದಿಯವರೆಗೂ ಮುಟ್ಟಿತು. ಬಾಗಿದ್ದ ಹುಡುಗ ಬಾಗಿದಂತೆಯೇ ನಿಂತ.

"ಯಾರು ಕೂಗಿದ್ದು?" ಎಂದರು ಮಾವ.

"ನಿಮ್ಮ ಸಣ್ಣ ಸೊಸಿ," ಎಂದರು ಅತ್ತೆ.

"ಯಾರಿಗಿ?"

"ನಿಮ್ಮ ಮಗಗ."

ಮೈದುನ ತಲೆ ಅಲ್ಲಾಡಿಸಿದ. ಅವನು ಒಪ್ಪಲಿಲ್ಲ. ನಿಯಮದ ಪ್ರಕಾರ ಇಬ್ಬರೂ ಎದುರಾಗಿ ನಿಂತು ಮಾತಾಡತೊಡಗಿದರು. ಉಳಿದವರೆಲ್ಲ ನಿಂತಲ್ಲೇ ನಿಂತರು. ಅಷ್ಟು ದೊಡ್ಡ ಬಯಲಿನ ನಡುವೆ ಗಂಡ ಹೆಂಡತಿ ಇಬ್ಬರೇ, ಮುಖಕ್ಕೆ ಮುಖ ಕೊಟ್ಟು. ನಮಗೆ ಮಾತು ಕೇಳಿಸದು, ಕೈಗಳು ಮಾತ್ರ ಕಾಣುತ್ತವೆ. ಅವನು ಡಿಸ್ಕ್ ಬಂದ ದಿಕ್ಕು ತೋರಿಸಿದ. ಅವಳು ತನ್ನ ಮಣಿಕಟ್ಟು ತೋರಿಸಿದಳು. ನಮ್ಮ ಮನೆಯಲ್ಲಿ ಹಿರಿಯರ ಎದುರು ಗಂಡ ಹೆಂಡತಿ ಮಾತಾಡುವ ರೂಢಿಯಿಲ್ಲ. ನಾನೇ ನನ್ನ ಯಜಮಾನರಿಗೆ, ಈ ಮನೆಯ ಹಿರಿಯ ಮಗನಿಗೆ, ಚಹಾ ಬೇಕೇ ಎಂದು ಕೇಳಬೇಕಾದರೆ ಕಪ್ಪನ್ನು ಅದರ ಬಸಿ ತಟ್ಟೆಗೆ ತಾಗಿಸಿ ಸದ್ದು ಮಾಡುತ್ತೇನೆ. ಹಾಗಾಗಿ ಆ ಮನೆಯವರಾದ ನಾವು ಒಂದು ಜೋಡಿ ಮಾತಾಡುವುದನ್ನು ನೋಡಿದ್ದು ಅದೇ ಮೊದಲು.

"ಏನ್ ಮಾತಾಡ್ಲಿಕತ್ತಾರ?" ಎಂದು ಮಾವ ನನ್ನನ್ನು ಕೇಳಿದರು.

"ಗೊತ್ತಿಲ್ರಿ ಮಾಮಾ."

"ಇಷ್ಟೊತ್ತು ಮಾತಾಡೂದೇನದ?"

"ನೀವು ಸುಮ್ಮಕಿರ್ರಿ," ಎಂದರು ಅತ್ತೆ. "ಕೇಳಸ್ಲಿ."

ಕೇಳಿಸಲಿಲ್ಲ. ಮೈದುನ ಒಮ್ಮೆ ನಮ್ಮತ್ತ, ತನ್ನ ತಂದೆಯ ಕುರ್ಚಿಯತ್ತ ನೋಡಿದ. ನೆಲ ನೋಡಿದ. ಕೊನೆಗೆ ಕೈ ಎತ್ತಿ, ಹೌದೆಂದು ತಲೆಯಾಡಿಸಿ, ತಾನೇ ಹೋಗಿ ಡಿಸ್ಕ್ ಎತ್ತಿ ಅವಳ ಕೈಗೆ ಕೊಟ್ಟ. ಅದಾದ ಮೇಲೆ ಅವಳು ಎಸೆದ ಎಸೆತವೇನೂ ಹೇಳಿಕೊಳ್ಳುವಂಥದ್ದಲ್ಲ. ಗಾಳಿಗೆ ಸಿಕ್ಕು ಗೆರೆಯಾಚೆ ಬಿತ್ತು. ಆಟ ಮೈದುನನ ಕಡೆಯವರೇ ಗೆದ್ದರು.

ಆಯ್ಕೆಯಾದವರು ಇಬ್ಬರು ಹುಡುಗಿಯರು, ಇಬ್ಬರು ಹುಡುಗರು. ಹುಡುಗಿಯರಲ್ಲಿ ಇವಳೊಬ್ಬಳು. ಹುಡುಗರಲ್ಲಿ ಅವನಿರಲಿಲ್ಲ. ಹೈದರಾಬಾದಿನ ಹೆಣ್ಣುಮಗಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಮಾವನವರಿಗೆ ಕನ್ನಡದಲ್ಲಿ ಹೇಳಬೇಕಾಯಿತು. ಹಿಡಿತ ಬಹಳ ಚೆನ್ನಾಗಿದೆ, ಎಸೆತ ಇನ್ನೂ ಕಲಿಯಬೇಕು, ಹೈದರಾಬಾದಿನಲ್ಲಿ ನಡೆಯುವ ಒಂದು ತಿಂಗಳ ಶಿಬಿರಕ್ಕೆ ಬರಲಿ. ಮೈದುನನ ಬಗ್ಗೆಯೂ ಅವರು ಒಂದು ಮಾತು ಹೇಳಿದರು. ಓಟ ಚೆಂದ, ಆದರೆ ತನ್ನ ತಂಡದ ಹುಡುಗಿಯರು ಅವನಿಗೆ ಕಾಣುವುದೇ ಇಲ್ಲ ಎಂದರು. ಅದನ್ನು ನಾನು ಕನ್ನಡಕ್ಕೆ ತರಲಿಲ್ಲ.

ಮನೆಗೆ ಬಂದ ಮೇಲೆ ಮೈದುನ ಊಟಕ್ಕೆ ಬಂದು, ಉಂಡು, ಎದ್ದು ಹೋಗುತ್ತಿದ್ದ. ನೆಗೆಣ್ಣಿ ಶಿಬಿರದ ಹೆಸರೆತ್ತಲಿಲ್ಲ. ಮಾವ ಒಮ್ಮೆ ಹೇಳಿದ್ದು ಇಷ್ಟೇ: "ಅಂವನ ಸಲುವಾಗಿ ಕಳಿಸಿದ್ವಿ. ಅಂವಂದೇ ಇಲ್ಲ ಅಂದ ಮ್ಯಾಲ ಇಕಿ ಯಾಕ ಹೋಗ್ಬೇಕು?" ಮಾವನವರ ಮಾತಿನಲ್ಲಿ ಒಂದು ನ್ಯಾಯವಿತ್ತು, ಅದೇ ಕಷ್ಟ. ಅವಳನ್ನು ಯಾವುದಕ್ಕೆ ಕಳಿಸಿದ್ದೆವೋ ಆ ಕಾರಣ ಮುಗಿದಿತ್ತು. ಅವಳದೇ ಕಾರಣವೊಂದು ಇರಬಹುದೆಂಬುದು ನಮ್ಮ ಒಪ್ಪಂದದಲ್ಲಿ ಇರಲೇ ಇಲ್ಲ.

ಒಂದು ಸಂಜೆ ಸೊಪ್ಪು ಸೋಸುತ್ತ ಕೇಳಿದೆ: "ಅವತ್ತು ಅಷ್ಟೊತ್ತು ಏನ್ ಮಾತಾಡಿದ್ರಿ ಇಬ್ರೂ?"

ಅವಳು ನಕ್ಕಳು. "ಏನಿಲ್ಲಕ್ಕ. ಅವರು, 'ಅಪ್ಪ ನೋಡ್ಲಿಕತ್ತಾನ, ಬಿಟ್ಟಬಿಡು' ಅಂದ್ರು. ನಾ, 'ನೋಡ್ಲಿ ಬಿಡ್ರಿ, ನಿಮ್ಮ ಕೈ ಬಡೀತೋ ಇಲ್ಲೋ ಅಷ್ಟ ಹೇಳ್ರಿ' ಅಂದೆ."

"ಆಮ್ಯಾಲ?"

"ಆಮ್ಯಾಲ ಅಪ್ಪನ ಕಡಿ ನೋಡಿದ್ರು, ನೆಲ ನೋಡಿದ್ರು. ಕಡೀಕಿ, 'ಕೈ ಬ್ಯಾನಿ ಆತೇನು' ಅಂತ ಕೇಳಿದ್ರು."

ಮೆಂತ್ಯದ ಕಡ್ಡಿಗಳನ್ನು ಅವಳು ಒಂದು ಕಡೆ ಕೂಡಿಸಿದಳು. "ಹಿಂದಿನ ಸಲಾನೂ ಬಡದಿತ್ತು ಅಂತ ಹೇಳಿದೆ. ಅವರಿಗಿ ಗೊತ್ತೇ ಇದ್ದಿಲ್ಲಂತ ಅಕ್ಕ."

ಮಾರನೆಯ ದಿನ ಮೈದುನ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. "ವೈನಿ, ಅಪ್ಪಗ ನೀವು ಒಂದು ಮಾತು ಹೇಳ್ರಿ. ಇಕಿ ಹೋಗ್ಲಿ."

"ನಾನ್ಯಾಕ? ನೀವೇ ಹೇಳ್ರಿ."

"ನಾ ಹೇಳಿದ್ರ, ನೀ ಆರಿಸಿ ಬರಲಾರದ ಹೊಟ್ಟಿ ಉರಿ ಮುಚ್ಚಲಿಕ್ಕ ಹೆಂಡ್ತಿ ಮಾತು ಎತ್ಲಿಕತ್ತೀದಿ ಅಂತಾನ."

"ಹೊಟ್ಟಿ ಉರಿ ಇಲ್ಲೇನು?"

"ಅದನೂ ಅದ," ಎಂದ. ಸುಳ್ಳು ಹೇಳಲಿಲ್ಲವಲ್ಲ ಎಂದು ನನಗೆ ಅವನ ಮೇಲೆ ಸ್ವಲ್ಪ ಪ್ರೀತಿಯೇ ಬಂತು.

ಒಲೆಯ ಬಳಿ ನೆಗೆಣ್ಣಿ ಎಲ್ಲವನ್ನೂ ಕೇಳುತ್ತಿದ್ದಳು. ಮಾವನವರ ಚಹಾ ಕುದಿದಿತ್ತು. ಅದನ್ನು ಯಾವಾಗಲೂ ಒಯ್ಯುವವಳು ನಾನು. ಅವತ್ತು ಅವಳು ಸೆರಗು ತಲೆ ತುಂಬ ಹೊದ್ದು, ಕಪ್ಪು ಬಸಿ ಎತ್ತಿಕೊಂಡು ಪಡಸಾಲೆಗೆ ನಡೆದಳು. ನಾವಿಬ್ಬರೂ ಹಿಂದೆ ಬಾಗಿಲವರೆಗೆ ಹೋಗಿ ನಿಂತೆವು. ಮಾವ ಪೇಪರ್ ಓದುತ್ತಿದ್ದರು.

"ಮಾಮಾ, ನಾ ಶಿಬಿರಕ್ಕ ಹೋಗ್ತೀನ್ರಿ."

ಕೇಳಲಿಲ್ಲ ಅವಳು, ಹೇಳಿದಳು. ಮಾವನವರ ಪೇಪರ್ ಕೆಳಗಿಳಿಯಲಿಲ್ಲ. ಅದರ ಹಿಂದಿನಿಂದ ದನಿ ಬಂತು.

"ಟಿಕೆಟ್ ತೆಗಸೀರೇನು?"

"ಇಲ್ರಿ."

"ಟಿಕೆಟ್ ಇಲ್ದೆ ಹೋಗ್ತೀನಿ ಅಂದ್ರ ಹೆಂಗ?" ಪೇಪರ್ ಒಂದು ಪುಟ ಮಗುಚಿತು. "ಅಂವಗ ಹೇಳು. ಖಾಲಿ ಕುಂತಾನ, ತೆಗಸ್ಲಿ."

ಅವಳು ಹೋಗಿ ಈಗ ಇಪ್ಪತ್ತೈದು ದಿನಗಳ ಮೇಲಾಯಿತು. ಬಿಡಲು ಅವನೇ ಹೋಗಿದ್ದ. ಇಬ್ಬರ ಕೆಲಸ ನನ್ನ ಒಬ್ಬಳ ಮೇಲೆ ಬಿದ್ದಿದೆ, ಸಂಜೆಗೆ ರೊಟ್ಟಿ ಬಡಿದು ಬಡಿದು ಭುಜ ನೋಯುತ್ತದೆ. ಗೊಣಗುವುದಿಲ್ಲ ಎಂದರೆ ಸುಳ್ಳಾದೀತು. ಸಮ ಎನ್ನುವುದು ಅಂಗಳದ ಗೆರೆಯೊಳಗೆ ನಿಯಮ ಮಾಡಿದಷ್ಟು ಸುಲಭವಾಗಿ ಅಡುಗೆಮನೆಗೆ ಬರುವುದಿಲ್ಲ. ಅವಳು ಆಡಲು ಹೋದರೆ ಆ ಜಾಗದಲ್ಲಿ ಇನ್ನೊಬ್ಬ ಹೆಂಗಸು ನಿಲ್ಲುತ್ತಾಳೆ, ಗಂಡಸಲ್ಲ. ಇದನ್ನು ಯಾರಿಗೆ ಹೇಳಬೇಕೋ ನಾನಿನ್ನೂ ಹುಡುಕುತ್ತಿದ್ದೇನೆ. ಬಹುಶಃ ಮೊದಲು ನನ್ನ ಯಜಮಾನರಿಗೇ, ಕಪ್ಪು ಬಸಿಯ ಸದ್ದಿಲ್ಲದೆ.

ನಿನ್ನೆ ಅವಳ ಫೋನು ಬಂದಿತ್ತು. ತಂಡದಲ್ಲಿ ಜಾಗ ಗಟ್ಟಿಯಾಗಿದೆಯಂತೆ, ಬರುವ ವಾರ ಮೊದಲ ಪಂದ್ಯ. ಅಭ್ಯಾಸದಲ್ಲಿ ಒಂದೆರಡು ಸಲ ಡಿಸ್ಕ್ ಕೈಬಿಟ್ಟೆ ಎಂದು ಪೇಚಾಡಿಕೊಳ್ಳುತ್ತಿದ್ದಳು. ಅತ್ತೆ ನನ್ನ ಕೈಯಿಂದ ಫೋನು ಕಸಿದುಕೊಂಡರು.

"ಯಾಕ ಬಿಡ್ತೀದಿ? ಗಟ್ಟಿ ಹಿಡಿ," ಎಂದು ಹೈದರಾಬಾದಿಗೆ ನೇರ ಕೇಳಿಸಬೇಕೆಂಬಂತೆ ಕೂಗಿದರು. "ಇಲ್ಲಿ ನಿಮ್ಮಕ್ಕ ಒಬ್ಬಾಕಿನೇ ರೊಟ್ಟಿ ಬಡೀಲಿಕತ್ತಾಳ. ಅದು ಸುಮ್ಕ ಹೋಗಬಾರ್ದು ನೋಡು."